ಒಂದು ಬೆರಳು ಹಸಿರು

ದೇವರಿಗೆ, ಸತ್ತವರಿಗೆ, ಮದುಮಕ್ಕಳಿಗೆ
ಕಟ್ಟು ಹಾಕುವುದು ನನ್ನ ಕಸುಬು.
ಚಿಕ್ಕಮಗಳೂರು ಮಾರ್ಕೆಟ್ಟಿನ ಹಿಂದೆ
ಸೈಕಲ್ ಷಾಪಿಗೂ ಹಿಟ್ಟಿನ ಗಿರಣಿಗೂ ನಡುವೆ
ಎಂಟಡಿ ಅಂಗಡಿ. ಗಿರಣಿ ತಿರುಗಿದರೆ
ಗೋಡೆಯ ಲಕ್ಷ್ಮಿಯರೆಲ್ಲ ಒಟ್ಟಿಗೆ ನಡುಗುತ್ತಾರೆ.

ಮೊನ್ನೆ ಬುಧವಾರ ಎಸ್ಟೇಟಿನ ರೈಟರು, ಫೆಲಿಕ್ಸ್ ಲೋಬೊ,
ಕಂಬಳಿ ಸುತ್ತಿದ ಚಿತ್ರವೊಂದನ್ನು ಜೀಪಿನಿಂದ ಇಳಿಸಿದರು.
‘ಕಟ್ಟಿಗೆ ಗೆದ್ದಲು ಹಿಡಿದಿದೆ, ಬೇರೆ ಹಾಕಿ.
ದೊರೆಸಾನಿ ಬರೆದದ್ದು. ಹುಷಾರು.’

ಯಾವ ದೊರೆಸಾನಿ?
ಕಾಫಿ ಆರುವವರೆಗೆ ಹೇಳಿದರು.
ಅಗಸ್ಟಾ ಪ್ರಿಂಗಲ್. ವಿಕ್ಟೋರಿಯಾ ರಾಣಿಯ ಕಾಲ.
ಅಣ್ಣನ ಬಂಗಲೆಯ ಬೀಗದಕೈ, ದಿನಸಿಯ ಲೆಕ್ಕ,
ಅಡುಗೆಯವನ ಮೇಲೊಂದು ಕಣ್ಣು,
ಇಷ್ಟಕ್ಕೆಂದೇ ಹಡಗು ಹತ್ತಿ ಬಂದವಳು.
ಬೋರರ್ ಹುಳ ಗಿಡಗಳನ್ನು ತಿಂದಿತು,
ಚಳಿಜ್ವರ ಅಣ್ಣನನ್ನು.
ಊರಿಗೆ ಮರಳುವ ಟಿಕೇಟಿನ ದುಡ್ಡಲ್ಲಿ
ಬಣ್ಣ ತರಿಸಿಕೊಂಡಳಂತೆ ಮಾರಾಯ್ತಿ!
ಮಂಗಳೂರಿಂದ ಗಾಡಿ ಘಾಟಿ ಹತ್ತುವಷ್ಟರಲ್ಲಿ
ಕೊಳವೆಗಳೊಳಗೆ ಅರ್ಧಕ್ಕರ್ಧ ಕಲ್ಲು.

ಜಗಲಿಯಲ್ಲಿ ಕೂತು ಅದೇ ಗುಡ್ಡ, ಅದೇ ಇಳಿಜಾರು,
ಮೂವತ್ತೊಂದು ಸಲ.
ಒಂದನ್ನು ಲಂಡನ್ನಿಗೆ ಕಳಿಸಿದಳು, ಪ್ರದರ್ಶನಕ್ಕೆ.
ಹನ್ನೊಂದು ತಿಂಗಳಿಗೆ ವಾಪಸು ಬಂತು, ಜೊತೆಗೊಂದು ಚೀಟಿ:
ಇಷ್ಟು ಹಸಿರು ಲೋಕದಲ್ಲಿಲ್ಲ.
‘ಇದೇ ಅದು’ ಎಂದು ಲೋಬೊ ಲೋಟ ಕೆಳಗಿಟ್ಟರು.

ನೋಡಿದೆ. ಹಸಿರೇ ಇರಲಿಲ್ಲ.
ಒಣಹುಲ್ಲಿನಂಥ ಗುಡ್ಡ,
ಕಾಮಾಲೆ ಬಡಿದ ಎಲೆಗಳು.

ಮಧ್ಯಾಹ್ನ ಗಿರಣಿ ನಿಂತ ಮೇಲೆ ಮೊಳೆ ಕಿತ್ತೆ.
ಬಟ್ಟೆಯ ಹಿಂಬದಿಯಲ್ಲಿ, ಇದ್ದಿಲಲ್ಲಿ, ನಮ್ಮ ಅಕ್ಷರ:

    ಅರದಾಳ ಎರಡು ತೊಲ
    ನೀಲಿ ಒಂದು ಉಂಡೆ
    ಅಗಸೆ ಎಣ್ಣೆ ಪಾವು
    ಅರೆದ ಕೂಲಿ ಮೂರು ದಿವಸ
    ದೊರೆಸಾನಿ ಕೊಡಬೇಕಾದ್ದು ಆರಾಣೆ
    ಈರಬದ್ರ

ವೀರಭದ್ರ ಎಂದು ಬರೆಯಲು
ಬಾರದೆಯೋ, ಬಿಡುವಿಲ್ಲದೆಯೋ.
ಮರದ ಬೊಂಬೆಗಳಿಗೆ ಬಣ್ಣ ಬಳಿಯುವವರ ಮನೆಯವನಿರಬೇಕು.
ಕಲ್ಲಾದ ಕೊಳವೆಗಳ ಮುಂದೆ ಸುಮ್ಮನೆ ಕೂತವಳಿಗೆ
ಹಳದಿಯೊಳಕ್ಕೆ ನೀಲಿ ಇಳಿಸಿ
‘ಹೀಗೆ, ಅಮ್ಮ’ ಎಂದವನು.
ಲಂಡನ್ನು ನಂಬದ ಹಸಿರು
ಇವನ ಅರೆಯುವ ಕಲ್ಲಿನದು.

ಆದರೆ ಆ ನೀಲಿ ಬೆಳಕಿಗೆ ತಾಳುವುದಿಲ್ಲ.
ವರ್ಷಕ್ಕಿಷ್ಟಿಷ್ಟು ಹಾರಿಹೋಗಿ
ಅರದಾಳವೊಂದೇ ಉಳಿದು
ತೋಟಕ್ಕೆ ತಗುಲಿದ ಎಲೆತುಕ್ಕು
ನೂರು ವರ್ಷ ತಡವಾಗಿ ಚಿತ್ರಕ್ಕೂ ತಗುಲಿದೆ.

ಕೊನೆಯ ಪಟ್ಟಿ ಎತ್ತಿದೆ.
ಗೆದ್ದಲ ಮಣ್ಣು ಉದುರಿತು.
ಕಟ್ಟಿನಡಿ ನಾಲ್ಕೂ ಅಂಚಿಗೆ
ಒಂದು ಬೆರಳಗಲ
ಬೆಳಕೇ ಕಾಣದೆ ಕೂತಿತ್ತು.
ಏನು ಹೇಳಲಿ.
ಗೋಡೆಯ ಕ್ಯಾಲೆಂಡರಿನ ಗಿಳಿ ಪೆಚ್ಚಾಯಿತು.

ಫೋನು ಮಾಡಿದೆ. ಅಂಚು ಕಾಣುವ ಹಾಗೆ ಕಟ್ಟಲೇ?
‘ಕಟ್ಟಿ, ಕಟ್ಟಿ. ಚೆಂದ ಇದ್ದರೆ ಸರಿ.’
ಫೋನಿಟ್ಟ ಮೇಲೆ ಕೈ ಓಡಲಿಲ್ಲ.
ಕಂಡರೆ ಹೋಗುತ್ತದೆ.
ಮುಚ್ಚಿದರೆ ಇರುತ್ತದೆ, ಆದರೆ ಯಾರಿಗೆ?
ಅಪ್ಪ ಗಾಜು ಕೊಯ್ಯುವುದು ಕಲಿಸಿದ,
ಇದನ್ನು ಕಲಿಸಲಿಲ್ಲ.

ಸಂಜೆ ರುಖಿಯಾ ಟಿಫಿನ್ ಡಬ್ಬಿಗೆಂದು ಬಂದಳು.
ಷಟರು ಅರ್ಧ ಎಳೆದು ತೋರಿಸಿದೆ.
ಎಸ್ಟೇಟಿನ ಲೈನುಮನೆಯಲ್ಲಿ ಹುಟ್ಟಿ
ಹದಿನೇಳರವರೆಗೆ ಹಣ್ಣು ಕಿತ್ತವಳು.
ಬಾಗಿ, ಮುಟ್ಟದೆ, ತುಂಬ ಹೊತ್ತು ನೋಡಿದಳು.
‘ಇದು ಸೆಪ್ಟೆಂಬರು’ ಎಂದಳು.
‘ಕಾಯಿ ಇನ್ನೂ ಗಟ್ಟಿ ಇರುತ್ತೆ. ಎಲೆ ದಪ್ಪ.
ಹೆಚ್ಚೆಂದರೆ ಹತ್ತು ದಿನ ಇರೋ ಬಣ್ಣ.’
ಡಬ್ಬಿ ತೆಗೆದುಕೊಂಡು ಹೋದಳು.

ಬೀಟೆಯ ಪಟ್ಟಿಯನ್ನು ಹಳೆಯ ಅಳತೆಗೇ ಕೊಯ್ದೆ.
ಲೋಬೊಗೆ ಏನೋ ಒಂದು ಸುಳ್ಳು ಹೇಳಿದರಾಯಿತು.
ಹಿಂದೆ ಹಲಗೆ ಬಡಿಯುವ ಮುಂಚೆ
ಈರಬದ್ರನ ಹೆಸರಿನ ಕೆಳಗೆ, ಪೆನ್ಸಿಲ್ಲಲ್ಲಿ, ನನ್ನ ಲೆಕ್ಕ:

    ಬೀಟೆ ಹನ್ನೆರಡು ಅಡಿ
    ಮೊಳೆ ಇಪ್ಪತ್ತನಾಲ್ಕು
    ಗಾಜು ಒಂದು
    ಒಳಗೆ ಹಸಿರು ಒಂದು ಬೆರಳು
    ಹಿಂದಿನ ಬಾಕಿ ಆರಾಣೆ
    ಹಾಗೇ ಇದೆ