ಕಡಲಿನದಲ್ಲದ ಉಪ್ಪು

ರಾತ್ರಿ ಎರಡು ಹತ್ತಕ್ಕೆ ಬೈತಖೋಲದಿಂದ ಆಟೋ ಬಂತು.
ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿದ್ದ ತಾಂಡೇಲ ಗಣಬಾ ಹರಿಕಂತ್ರ,
ಕಾಲು ಹೊರಗೆ,
ತಲೆ ಶೇವಂತಿಯ ಮಡಿಲಲ್ಲಿ.
"ಕಾಲಲ್ಲಿ ಜೀವವೇ ಇಲ್ಲ ಅಂತಾರೆ ಬಾಯೀ,
ಬೋಟಿಂದ ಇಳಿದರೆ ನೆಲವೇ ಸಿಗಲಿಲ್ಲವಂತೆ."

ಎಡ ಮುಂಗೈಯಲ್ಲಿ ಫಿಸ್ಟುಲಾ, ಮುಟ್ಟಿದರೆ ಗುಂಯ್ ಅನ್ನುತ್ತದೆ.
ಅಲ್ಲಿಗೆ ಅರ್ಧ ಕತೆ ತಿಳಿಯಿತು.
ಮಂಗಳವಾರದ ಡಯಾಲಿಸಿಸ್ ತಪ್ಪಿಸಿದ್ದಾನೆ.
ಬಂಗಡೆ ಬಿದ್ದಿತ್ತು,
ಮೂರು ದಿನ ಬೀಳುತ್ತಲೇ ಇತ್ತು.

ಇಸಿಜಿ ಕಾಗದ ಹೊರಬಂತು.
ಟಿ ಅಲೆಗಳು ಡೇರೆಯ ತುದಿಯಂತೆ ಚೂಪು,
ಪಿ ಎಲ್ಲೂ ಇಲ್ಲ,
ನಡುವಿನದು ಅಗಲವಾಗಿ, ಸೋಮಾರಿಯಾಗಿ
ಕಾಲು ಚಾಚಿದೆ.
ಲ್ಯಾಬಿನಿಂದ ಫೋನು: ರಕ್ತ ಒಡೆದಿದೆ, ಇನ್ನೊಂದು ಸ್ಯಾಂಪಲ್ ಬೇಕು.
"ಕಳಿಸೋಣ," ಎಂದರು ಭಟ್ಕಳದ ಡಾಕ್ಟರ್ ನುಸೈಬಾ, ಕೆಲಸಕ್ಕೆ ಸೇರಿ ಮೂರು ತಿಂಗಳು,
"ಆದರೆ ಕಾಯೋದು ಬೇಡ."

ಕ್ಯಾಲ್ಸಿಯಂ ಗ್ಲುಕೋನೇಟ್, ಹತ್ತು ಮಿಲಿ.
ಗಡಿಯಾರ ನೋಡುತ್ತ ನಿಧಾನ ತಳ್ಳುತ್ತೇನೆ.
ಇದು ಉಪ್ಪನ್ನು ಒಂದು ಕಣವೂ ತೆಗೆಯುವುದಿಲ್ಲ.
ಗಾಳಿ ಎದ್ದ ರಾತ್ರಿ ಬೋಟಿಗೆ ಇನ್ನೆರಡು ಹಗ್ಗ ಬಿಗಿದ ಹಾಗೆ,
ಗಾಳಿ ಗಾಳಿಯೇ.
ಐದು ನಿಮಿಷ. ಅಲೆ ಕಾಲು ಮಡಚಲಿಲ್ಲ.
ಇನ್ನೊಂದು ಹತ್ತು.
ಆಗ, ಮಾನಿಟರಿನಲ್ಲಿ, ಅಗಲವಾಗಿದ್ದದ್ದು ಕಿರಿದಾಯಿತು.
ನುಸೈಬಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಆಮೇಲೆ ಇನ್ಸುಲಿನ್, ಹತ್ತು ಯೂನಿಟ್,
ಜೊತೆಗೇ ಗ್ಲೂಕೋಸ್, ಇಲ್ಲವಾದರೆ
ಉಪ್ಪಿನಿಂದ ಉಳಿದವನು ಸಕ್ಕರೆ ಇಳಿದು ಹೋದಾನು.
ಮೂಗಿಗೆ ಮಾಸ್ಕು, ಸಾಲ್ಬುಟಮಾಲ್ ಹಬೆ.
ಇವೂ ಏನನ್ನೂ ಹೊರಹಾಕುವುದಿಲ್ಲ.
ನೆಂಟರು ಬಂದಾಗ ಜಗಲಿಯ ಸಾಮಾನೆಲ್ಲ
ಒಳಕೋಣೆಗೆ ತುರುಕಿ ಕದ ಎಳೆದ ಹಾಗೆ.
ನಾಲ್ಕು ತಾಸು, ಹೆಚ್ಚೆಂದರೆ ಆರು,
ಆ ಕದ ತಾನೇ ತೆರೆದುಕೊಳ್ಳುತ್ತದೆ.
ಹಬ್ಬುವಾಡದಲ್ಲಿ ಮಲಗಿದ್ದ ಡಯಾಲಿಸಿಸ್ಸಿನ ಉಮಾಕಾಂತನಿಗೆ
ಏಳು ಸಲ ಫೋನು ಮಾಡಿದೆ.

ಶೇವಂತಿ ಬಾಗಿಲಲ್ಲೇ ನಿಂತಿದ್ದಾಳೆ.
"ಬಾಯಿ ಒಣಗ್ತದೆ ಅಂದ್ರು.
ನೀರು ಲೆಕ್ಕದ್ದಲ್ಲವಾ, ಅದಕ್ಕೆ ನೀರು ಕೊಡಲಿಲ್ಲ.
ಸೀಯಾಳ ಕೊಟ್ಟೆ. ಎರಡು. ತಂಪು ಅಂತ."

ಮೀನಿಗೆ ಹಚ್ಚಿ ಹಚ್ಚಿ ಬೆರಳ ಗೆರೆ ಸವೆದವಳು,
ಯಾವುದಕ್ಕೆ ಎಷ್ಟು ಹಿಡಿ ಎಂದು ಕತ್ತಲಲ್ಲೂ ಬಲ್ಲಳು.
ಇದು ಆ ಉಪ್ಪಲ್ಲ ಶೇವಂತೀ.
ನಾಲಿಗೆಗೆ ಸಿಗದ್ದು, ಒಲೆಯ ಬೂದಿಯಲ್ಲಿ ಉಳಿಯುವಂಥದ್ದು,
ಮರ ಬೇರಿನಿಂದೆಳೆದು
ಸಿಹಿನೀರಿನೊಳಗೆ ಬಚ್ಚಿಟ್ಟದ್ದು.
ಎಂಟು ಪಾಯಿಂಟ್ ಒಂದು, ಎಂದಿತು ಲ್ಯಾಬು ಅಷ್ಟರಲ್ಲಿ.

ಹೇಳಲಿಲ್ಲ.
ಮೂರು ಗಂಟೆ ರಾತ್ರಿಗೆ ಅದು ಹೇಳುವ ಮಾತಲ್ಲ.

ನಾಲ್ಕಕ್ಕೆ ಉಮಾಕಾಂತ ಬಂದ, ಅಂಗಿ ಒಳಮಗ್ಗುಲು ಹೊರಗೆ.
ಮಿಷಿನ್ನು ತಿರುಗತೊಡಗಿತು. ಉಪ್ಪು ಈಗ ನಿಜಕ್ಕೂ ಹೋಗುತ್ತಿದೆ.
ಬೆಳಕು ಹರಿಯುವಾಗ ಗಣಬಾ ಕಣ್ಣು ಬಿಟ್ಟು ಕೇಳಿದ್ದು ಒಂದೇ:
"ಬಂಗಡೆ ಬುಟ್ಟಿ ಎಷ್ಟಕ್ಕೆ ಹೋಯ್ತು?"

ಡ್ಯೂಟಿ ಮುಗಿಸಿ ಚಪ್ಪಲಿ ಮೆಟ್ಟುವಾಗ
ಶೇವಂತಿ ಗೇಟಿನ ಕಡೆಯಿಂದ ಬಂದಳು,
ಕೈಯಲ್ಲಿ ಕೆತ್ತಿಸಿದ ಸೀಯಾಳ.
"ರಾತ್ರಿಯಿಡೀ ನಿಂತಿದ್ದಿರಿ ಬಾಯೀ."

ನನ್ನ ಕಿಡ್ನಿ ಸರಿಯಿದೆ.
ಕುಡಿದೆ, ತಳದವರೆಗೂ.
ಚಿಪ್ಪನ್ನು ಕೆಳಗಿಟ್ಟು, ಬೆಂಚಿನ ಮೇಲೆ
ಅವಳಿಗೆ ಜಾಗ ಮಾಡಿಕೊಟ್ಟು
ಹೇಳಲು ಶುರುಮಾಡಿದೆ.