ಅಳಿವೆಕೋಟೆಯ ನಕ್ಷೆ

ಕೆಳಗಿನ ಮನೆಯ ಲೆಸ್ಟರ್, ಒಂಬತ್ತನೇ ಕ್ಲಾಸು,
ದಾಳ ಉರುಳಿಸಿ ಆಡುವ ಯಾವುದೋ ಆಟಕ್ಕೆ
ಒಂದು ಊರು ಬೇಕು ಅಂದ.
ಕೋಟೆ ಇರಬೇಕು, ಆರುನೂರು ವರ್ಷ ಹಳೆಯದಾಗಿರಬೇಕು,
ಎಲ್ಲಿಯೂ ಇದ್ದಿರಬಾರದು.
"ನೀವು ಸರ್ವೆಯಲ್ಲಿ ಇದ್ದದ್ದಲ್ವಾ ಅಂಕಲ್,
ನಿಮಗೆ ಅದೆಲ್ಲ ಎರಡು ದಿವಸದ ಕೆಲಸ."

ಇವತ್ತಿಗೆ ಐದು ವಾರ.
ಬೋಳಾರದ ಈ ಮಹಡಿಯಲ್ಲಿ ಊಟದ ಮೇಜಿನ ತುಂಬ ಊರು.
ಸುಗಂಧಿ ತಟ್ಟೆಯನ್ನು ತೊಡೆಯ ಮೇಲಿಟ್ಟು ಉಣ್ಣುತ್ತಾಳೆ,
ಸಾರು ಚೆಲ್ಲಿದರೆ ಬಂದರು ಮುಳುಗೀತೆಂದು.

ಮೊದಲು ನೀರು.
ಊರೆಂದರೆ ಗೋಪುರ ಅಂದುಕೊಂಡವರು
ಮೇ ತಿಂಗಳಲ್ಲಿ ಬಾವಿಗೆ ಕೊಡ ಇಳಿಸಿದವರಲ್ಲ.
ನೇತ್ರಾವತಿಯೂ ಅಲ್ಲದ, ಗುರುಪುರ ಹೊಳೆಯೂ ಅಲ್ಲದ
ಎರಡು ಹೊಳೆ ಎಳೆದೆ. ಕಡಲಿಗೆ ಬೀಳುವ ಮುಂಚೆ
ಅವು ಮಾತಾಡಿಕೊಳ್ಳುವಲ್ಲಿ ಒಂದು ಮರಳ ದಿಬ್ಬ,
ಮಳೆಗಾಲಕ್ಕೊಮ್ಮೆ ಜಾಗ ಬದಲಿಸುವಂಥದ್ದು,
ಹಾಗಾಗಿ ಚುಕ್ಕೆ ಗೆರೆ.
ಬಾವಿಗಳು ನೂರಾ ಹನ್ನೊಂದು.
ಉಪ್ಪುನೀರಿನವು ಇಪ್ಪತ್ತು; ಅವಕ್ಕೆ ಖಾಲಿ ವೃತ್ತ.
ಆ ಇಪ್ಪತ್ತರ ಸುತ್ತ ಯಾರಿರುತ್ತಾರೆಂದು
ನಾನು ಬರೆಯಲಿಲ್ಲ. ಮನೆಗಳು ತಾವಾಗಿ ಚಿಕ್ಕದಾದವು.

ಆಮೇಲೆ ಗಾಳಿ.
ಚರ್ಮ ಹದ ಮಾಡುವವರ ಕೇರಿಯನ್ನು
ಪಡುವಣಕ್ಕೆ ಹಾಕಿದ್ದು ನನ್ನದೇ ತಪ್ಪು.
ಮಧ್ಯಾಹ್ನ ಕಡಲ ಗಾಳಿ ಏಳುತ್ತಲೇ
ವಾಸನೆ ನೇರ ಅರಮನೆಯ ಚಾವಡಿಗೆ.
ರಬ್ಬರು ಕೈಗೆತ್ತಿಕೊಂಡೆ.
ಇಟ್ಟುಬಿಟ್ಟೆ.
ಅರಸನೂ ಒಂದಿಷ್ಟು ಮೂಗು ಮುಚ್ಚಲಿ.

ಅಕ್ಕಿ ಓಣಿ, ಮೆಣಸಿನ ಓಣಿ, ಅರಬರ ಕುದುರೆ ಇಳಿಯುವ ಕಟ್ಟೆ,
ದೋಣಿಯ ಹಲಗೆ ಹೊಲಿಯುವ ಹಗ್ಗದವರು,
ಚಿಪ್ಪು ಸುಡುವ ಸುಣ್ಣದ ಗೂಡು,
ಬಸದಿಯ ಬೆನ್ನಿಗೆ ಕಂಚುಗಾರರ ಟಣಟಣ.
ಡ್ರ್ಯಾಗನ್ ಒಂದು ಬೇಕೇ ಬೇಕು ಅಂದ ಲೆಸ್ಟರ್.
ಎಲ್ಲಿ ಮಲಗುತ್ತದೆ, ಎಂತ ತಿನ್ನುತ್ತದೆ, ಹೇಳು ಅಂದೆ.
ಎರಡು ದಿನ ಯೋಚಿಸಿ ಬಂದು "ಬಂಗುಡೆ" ಅಂದ.
ಹಾಗಾದರೆ ದಕ್ಕೆಯ ಪಕ್ಕ.

ಉಳಿದದ್ದು ರಾಜಬೀದಿ,
ಮೂಡಣ ಬಾಗಿಲಿಂದ ಕಡಲವರೆಗೆ.
ಸ್ಕೇಲು ಇಟ್ಟೆ. ಕೈ ಏಳಲಿಲ್ಲ.

ಈ ಕೈ ಮೂವತ್ತೊಂದು ವರ್ಷ ಸರ್ಕಾರದ್ದು.
ಒಂದು ಮಾರ್ಚಿನಲ್ಲಿ, ಅನುದಾನ ವಾಪಸಾಗುವ ಮುಂಚಿನ ವಾರ,
ಅಗಲೀಕರಣಕ್ಕೆಂದು ಕೆಂಪು ಪೆನ್ಸಿಲಿನಲ್ಲಿ
ನೇರ ಗೆರೆಯೊಂದನ್ನು ಎಳೆದಿತ್ತು.
ಗೆರೆಯೊಳಗೆ ಬಂದದ್ದು
ಮೊಯಿದಿನಬ್ಬರ ಕೊಡೆ ರಿಪೇರಿ ಅಂಗಡಿ:
ಎಂಟಡಿ ಉದ್ದ, ಐದಡಿ ಅಗಲ, ನಕ್ಷೆಯಲ್ಲಿ ಒಂದು ಎಳ್ಳು.
ಅವರು ಕೇಳಿದ್ದು ಇಷ್ಟೇ,
"ಸ್ವಲ್ಪ ಬಗ್ಗಿಸ್ಲಿಕ್ಕೆ ಆಗುದಿಲ್ವಾ ದೇಜಪ್ಪಣ್ಣ?"
ನಾನು ನಿಯಮ ಹೇಳಿದೆ. ನಿಯಮ ಸರಿಯಾಗಿಯೇ ಇತ್ತು.
ರಿಪೇರಿಗೆ ಕೊಟ್ಟಿದ್ದ ನನ್ನ ಕೊಡೆಗೆ
ಹೊಸ ಕಡ್ಡಿ ಕಟ್ಟಿ, ದುಡ್ಡು ಬೇಡವೆಂದು
ಹುಡುಗನ ಕೈಯಲ್ಲಿ ಕಳಿಸಿದ್ದರು.
ಆ ಕೊಡೆ ಇನ್ನೂ ಬಾಗಿಲ ಹಿಂದೆ ಉಂಟು.
ನಾನು ರಿಕ್ಷಾ ಹಿಡಿಯುತ್ತೇನೆ.

ಸ್ಕೇಲು ಬದಿಗಿಟ್ಟು, ಬರಿಗೈಯಲ್ಲಿ ಎಳೆದೆ.
ಅಳಿವೆಕೋಟೆಯ ರಾಜಬೀದಿ ನಡುವೆ ಒಂದು ಕಡೆ
ಎಳ್ಳಿನಷ್ಟು ಚೌಕವೊಂದನ್ನು ಬಳಸಿಕೊಂಡು
ಸೊಂಟ ತಿರುಗಿಸುತ್ತದೆ.

ಲೆಸ್ಟರ್ ಅಲ್ಲೇ ಬೆರಳಿಟ್ಟ. "ಇದೆಂತ ಅಂಕಲ್, ಕೈ ನಡುಗಿತಾ?"
"ಶತ್ರು ನೇರ ನುಗ್ಗಬಾರದಲ್ಲ ಮಾರಾಯ. ಅದಕ್ಕೆ ಬಾಗು."
ನಂಬಿದ. ಆಟಕ್ಕೆ ಭಾರೀ ಒಳ್ಳೆಯದಾಯಿತು ಅಂದ.
"ಈ ಚಿಕ್ಕ ಚೌಕ ಯಾರದ್ದು?"
"ಗರಿಯ ಕೊಡೆ ಕಟ್ಟುವವರೊಬ್ಬರದ್ದು."
"ಅವರಿಗೆ ಎಂತಾದರೂ ಶಕ್ತಿ ಉಂಟಾ?"

ನಾನು ಪೆನ್ಸಿಲು ಚೂಪು ಮಾಡುತ್ತಿದ್ದೆ.
ಮೇಜು ಯಾವಾಗ ಸಿಗುವುದೆಂದು ಒಳಗಿಂದ ಸುಗಂಧಿ.
ಬಟ್ಟೆ ಒಗೆಯುವ ಕಲ್ಲುಗಳು ಬಾಕಿ ಉಂಟು ಅಂದೆ,
ಸ್ಮಶಾನ ಬಾಕಿ,
ಬಡಗು ಯಾವುದೆಂದು ತೋರಿಸುವ ಬಾಣವೂ.