ಜೇಬು ನೋಡಿ ಒಗೆಯಬೇಕು

ಇಪ್ಪತ್ತು ತಂಡಗಳ ಪಟ್ಟಿಯಲ್ಲಿ
ನಾವು ಇಪ್ಪತ್ತನೆಯವರಾಗಿದ್ದಾಗ ಅವನು ಬಂದ.
ನವೆಂಬರ್. ದುಯೆರೊ ನದಿಯ ಮೇಲೆ ಮಂಜು.
ಒಗೆಯುವ ಯಂತ್ರದ ಕೊಳವೆಯೊಳಗೆ ನೀರು ಕಲ್ಲಾಗಿತ್ತು,
ನಾನು ಕೂದಲೊಣಗಿಸುವ ಡ್ರೈಯರ್ ಹಿಡಿದು
ಅದಕ್ಕೆ ಬಿಸಿಗಾಳಿ ಕುಡಿಸುತ್ತಿದ್ದೆ.
ಬಾಗಿಲಲ್ಲಿ ಬೂದು ಕೋಟು, ಒಂದೇ ಪೆಟ್ಟಿಗೆ.
'ನಾನು ಹೊಸ ಕೋಚ್, ಎಲಾದಿಯೊ ಸಾನ್ಸೊಲೆಸ್.'
'ನಾನು ಹಳೆಯ ವಿಸಿತಾ. ಬಾಗಿಲು ಹಾಕಿ, ಚಳಿ.'
ಡ್ರೈಯರ್ ಇಸಕೊಂಡ.
ಒಂದು ಗಂಟೆ ಮೊಣಕಾಲೂರಿ ಕೂತ.
ನೀರು ಬಂತು.
ಅವನ ಮೊದಲ ಗೆಲುವು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಬೆಂಕಿ ಆರಿಸುವವನು ಎಂದು ಕರೆಯುತ್ತಿದ್ದರು.
ಲುಗೊ, ಉಯೆಲ್ವಾ, ಕಾರ್ತಾಹೇನಾ, ತಿರುಗಿ ಲುಗೊ,
ಹದಿನೇಳು ವರ್ಷಕ್ಕೆ ಹನ್ನೊಂದು ಊರು.
ಯಾವ ಊರಲ್ಲೂ ಒಂದೇ ಋತುವಿನ
ಆಗಸ್ಟನ್ನೂ ಮೇ ತಿಂಗಳನ್ನೂ ಕಂಡವನಲ್ಲ.
ಮನೆ ಹೊತ್ತಿದಾಗ ಕರೆಯುತ್ತಾರೆ,
ಬೆಂಕಿ ಆರಿದ ಮೇಲೆ
ನೆಲವೆಲ್ಲ ಒದ್ದೆ ಮಾಡಿದ ಅನ್ನುತ್ತಾರೆ.

ಬೇರೆಯವರು ಅವನನ್ನು ಅಂಕಪಟ್ಟಿಯಲ್ಲಿ ಓದಿದರು,
ನಾನು ಜೇಬಿನಲ್ಲಿ.
ಸೂರ್ಯಕಾಂತಿ ಬೀಜದ ಸಿಪ್ಪೆ:
ಸೋತ ದಿನ ನಾಲ್ಕೋ ಐದೋ,
ಮೂರು ಗೋಲಿನಿಂದ ಗೆದ್ದ ದಿನ (ಒಂದೇ ಸಲ) ಏನೂ ಇಲ್ಲ,
ಒಂದೇ ಗೋಲಿನಿಂದ ಮುಂದಿದ್ದ ದಿನ
ಎರಡು ಮುಷ್ಟಿ ತುಂಬ.
ಬಂದ ದಾರಿಗೆ ಸುಂಕವಿಲ್ಲ ಅಂತಾರಲ್ಲ,
ಅವನ ಜೇಬಲ್ಲಿ ಹೋದ ದಾರಿಯದ್ದೂ ಬಂದ ದಾರಿಯದ್ದೂ
ಹೆದ್ದಾರಿಯ ರಸೀದಿಗಳಿರುತ್ತಿದ್ದವು.
ಮತ್ತೆ ನಾಲ್ಕು ಮಡಿಕೆಯ ಚೀಟಿ: ಹನ್ನೊಂದು ಹೆಸರು.
ಹನ್ನೊಂದನೆಯದನ್ನು ಹೊಡೆದು ಇನ್ನೊಂದು,
ಅದನ್ನೂ ಹೊಡೆದು
ಮೊದಲಿನದನ್ನೇ ಚಿಕ್ಕ ಅಕ್ಷರದಲ್ಲಿ, ನಾಚಿಕೊಂಡು.

ಆ ಹನ್ನೊಂದನೆಯವನು ಗಾಸ್ಪಾರ್, ಬೇಕರಿಯವನ ಮಗ,
ಎಡಗಾಲು ಬಿಟ್ಟರೆ ಎಲ್ಲ ಸರಿಯಿದ್ದ ಎಡಬದಿಯ ಆಟಗಾರ.
ಅವನಿಗೆ ಚಳಿಗಾಲವಿಡೀ ಕಲಿಸಿದ್ದು ಒಂದೇ:
ಗೆರೆಯಾಚೆಯಿಂದ ಕೈಯಲ್ಲಿ ಚೆಂಡೆಸೆಯುವುದು.
'ಥ್ರೋ-ಇನ್‌ಗೆ ಆಫ್‌ಸೈಡ್ ಇಲ್ಲ ಮಗೂ,
ಕಾನೂನು ಬಡವರಿಗೆಂದು ಬಿಟ್ಟ ಕಿಂಡಿ ಅದು.'
ಜನ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಮೇ ತಿಂಗಳ ಕೊನೆಯ ಆಟ. ಎಂಬತ್ತೊಂಬತ್ತನೇ ನಿಮಿಷ.
ಗಾಸ್ಪಾರ್ ಎಸೆದ.
ಚೆಂಡು ಯಾರದೋ ಬೆನ್ನಿಗೆ ತಾಗಿ, ಯಾರದೋ ಮೊಣಕಾಲಿಗೆ ತಾಗಿ,
ಅವಸರವೇ ಇಲ್ಲದೆ ಒಳಗೆ ಹೋಯಿತು.
ಹದಿನಾರನೆಯ ಸ್ಥಾನ. ಉಳಿದೆವು.
ಊರೆಲ್ಲ ಚೌಕದ ಕಾರಂಜಿಗೆ ಬಿದ್ದಿತ್ತು,
ಅವನು ನನ್ನ ಕೋಣೆಯಲ್ಲಿ, ಬೆವರಿನ ಅಂಗಿಗಳ ರಾಶಿಯ ಪಕ್ಕ
ಕುರ್ಚಿ ಹಾಕಿಕೊಂಡು ಕೂತಿದ್ದ.
'ಹೊರಗೆ ಹೋಗಲ್ಲವಾ?'
'ಆ ಭಾಗ ನನಗೆ ಅಭ್ಯಾಸವಿಲ್ಲ, ವಿಸಿತಾ.'

ಇನ್ನೊಂದು ವರ್ಷಕ್ಕೆ ಸಹಿ ಹಾಕಿಸಿದರು.
ಅಂತೂ ಅವನಿಗೊಂದು ಆಗಸ್ಟ್ ಸಿಕ್ಕಿತು!
ಪೆಟ್ಟಿಗೆಯ ಬಟ್ಟೆಯನ್ನೆಲ್ಲ ತೆಗೆದು ಬೀರುವಿನಲ್ಲಿಟ್ಟನಂತೆ,
ಕಿಟಕಿಗೆ ಜೆರೇನಿಯಂ ಕುಂಡ ತಂದನಂತೆ,
ಬಾರಿನಲ್ಲಿ ತನ್ನದೇ ಲೋಟ ಬೇಕೆಂದನಂತೆ.
ಸ್ವಲ್ಪ ದಪ್ಪಗಾದ.
ಅಕ್ಟೋಬರಿನಲ್ಲಿ ಸಾಲಾಗಿ ನಾಲ್ಕು ಸೋಲು.
ಅಧ್ಯಕ್ಷರ ಫೋನು ಒಂದು ನಿಮಿಷಕ್ಕಿಂತ ಕಡಿಮೆ.

ಕ್ಲಬ್ಬಿನ ಉಡುಪನ್ನು ಹಿಂದಿರುಗಿಸಲು ತಾನೇ ಬಂದ,
ತಾನೇ ಒಗೆದು, ತಾನೇ ಮಡಿಸಿ, ತೋಳುಗಳು ಸೊಟ್ಟ.
ಕುಂಡವನ್ನು ನನ್ನ ಕಿಟಕಿಯ ಮೇಲಿಟ್ಟ.
ಏನೋ ಹೇಳುವವನಂತೆ ನಿಂತು
ಕೊಳವೆಯನ್ನೊಮ್ಮೆ ತಟ್ಟಿ ನೋಡಿ
ಹೋದ.

ಹೊಸಬನ ಉಡುಪಿಗೆ ಜೇಬೇ ಇಲ್ಲ, ಎಲ್ಲ ಟ್ಯಾಬ್ಲೆಟ್‌ನಲ್ಲಿ.
ಕೊಳವೆ ಹೆಪ್ಪುಗಟ್ಟಿದಾಗ ಪ್ಲಂಬರನನ್ನು ಕರೆಸಿದ.
ಅದೂ ಸರಿಯೇ, ಬೇಗ ಆಯಿತು.
ಭಾನುವಾರ ರೇಡಿಯೊದಲ್ಲಿ ಯಾವುದೋ ದಕ್ಷಿಣದ ಊರು
ಮುಳುಗುತ್ತಿದೆ ಎಂದರೆ ಕಿವಿ ನಿಮಿರುತ್ತದೆ,
ಅವನ ಹೆಸರು ಬಂದೀತೆಂದು. ಒಮ್ಮೆ ಬಂತು.

ಜೆರೇನಿಯಂ ಬದುಕಿದೆ. ಹೂ ಕಡಿಮೆ.
ಯಂತ್ರದ ಜಾಲರಿ ಬಿಚ್ಚಿ ತೊಳೆವಾಗ ಈಗಲೂ
ಉಗುರಿಗೆ ಸಿಪ್ಪೆಯೊಂದು ತಾಗುತ್ತದೆ,
ಒಂದೇ ಗೋಲಿನಿಂದ ಮುಂದಿದ್ದ
ಯಾವುದೋ ಮಧ್ಯಾಹ್ನದ್ದು.